ತುಕ್ಕು ಯಾವ ಗೋಡೆಗೆ ಸೇರಿದ್ದು?

ಕೈಗಾರಿಕೆ, ಪ್ರಕೃತಿ ಎರಡನ್ನೂ ಇಟ್ಟುಕೊಂಡು ಮಾಡಿದ ಅಮೂರ್ತ ಚಿತ್ರಗಳ ಪ್ರದರ್ಶನ ಅಂದರೆ ಒಳಗೆ ಏನಿರುತ್ತದೆ ಅಂತ ಬಾಗಿಲಲ್ಲೇ ಹೇಳಿಬಿಡಬಹುದು. ಒಂದು ಗೋಡೆ ಹಸಿರು, ನೀಲಿ, ಬಳುಕುವ ಗೆರೆಗಳು. ಎದುರು ಗೋಡೆ ಕಪ್ಪು, ಬೂದಿ, ನೆಟ್ಟಗಿನ ಗೆರೆಗಳು. ನಡುವೆ ಒಂದು ಬೋರ್ಡು, ಯಂತ್ರಕ್ಕೂ ನಿಸರ್ಗಕ್ಕೂ ನಡೆಯುವ ಸಂಘರ್ಷ ಅಂತ ಏನೋ ಬರೆದಿರುತ್ತದೆ. ಜನ ಬೋರ್ಡಿನ ಮುಂದೆ ಎರಡು ನಿಮಿಷ ನಿಲ್ಲುತ್ತಾರೆ, ಚಿತ್ರದ ಮುಂದೆ ಹತ್ತು ಸೆಕೆಂಡು. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನನ್ನ ತಕರಾರು ಚಿತ್ರಗಳ ಮೇಲಲ್ಲ, ಈ ಎರಡು ಗೋಡೆಗಳ ಮೇಲೆ. ತುಕ್ಕನ್ನೇ ತಗೊಳ್ಳಿ. ತುಕ್ಕಿನ ಬಣ್ಣದ ಕ್ಯಾನ್ವಾಸ್ ಕಂಡರೆ ಸಾಕು, ಅದನ್ನು ಫ್ಯಾಕ್ಟರಿ ಗೋಡೆಗೆ ತೂಗುಹಾಕುತ್ತಾರೆ. ಆದರೆ ಕಬ್ಬಿಣವನ್ನು ಗಾಳಿ ನೀರಿಗೆ ಬಿಟ್ಟರೆ ಅದು ತನ್ನಷ್ಟಕ್ಕೆ ಆಗುವುದೇ ತುಕ್ಕು. ಯಾವ ಯಂತ್ರವೂ ಬೇಕಿಲ್ಲ. ಕೆಮ್ಮಣ್ಣಿಗೆ ಕೆಂಪು ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಹತ್ತಿರದ ನೆಂಟ. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸಿಕ್ಕ ಒಂದು ಪುಟ್ಟ ಕಲ್ಲಿನ ಚೂರಿನ ಮೇಲೆ ಕೆಮ್ಮಣ್ಣಿನಿಂದ ಗೀಚಿದ ಗೆರೆಗಳಿವೆ, ಸುಮಾರು 73,000 ವರ್ಷ ಹಳೆಯವು. ಅದರಲ್ಲಿ ಜಿಂಕೆ ಇಲ್ಲ, ಕಾಡುಕೋಣ ಇಲ್ಲ. ಬರೀ ಅಡ್ಡಡ್ಡ ಹಾಯ್ದ ಗೆರೆಗಳು. ‘ಅಮೂರ್ತ ಎಲ್ಲ ಈಗಿನವರ ಶೋಕಿ’ ಅನ್ನುವವರು ಸಿಕ್ಕಾಗೆಲ್ಲ ನನಗೆ ಆ ಚೂರು ನೆನಪಾಗುತ್ತದೆ.

ಮೊದಮೊದಲು ರೈಲು, ಹೊಗೆ ಬರೆದವರಿಗೂ ಈ ಎರಡು ಗೋಡೆ ಇರಲಿಲ್ಲ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1844ರಲ್ಲಿ ಮಳೆಯಲ್ಲಿ ಬರುವ ರೈಲೊಂದನ್ನು ಬರೆದ. ಅಲ್ಲಿ ಮಳೆ ಯಾವುದು, ಉಗಿ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಹಳಿಯ ಮೇಲೆ ರೈಲಿನ ಮುಂದೆ ಒಂದು ಮೊಲ ಓಡುತ್ತಿದೆ. ಈಗ ಬಣ್ಣ ಮಾಸಿ ಮೊಲ ಕಾಣುವುದೇ ಕಷ್ಟ, ಇದೆ ಅಂತ ಗೊತ್ತಿದ್ದವರು ಹುಡುಕಬೇಕು. ಫ್ರಾನ್ಸಿನ ಚಿತ್ರಕಾರ ಮೋನೆ 1877ರಲ್ಲಿ ಪ್ಯಾರಿಸ್‌ನ ಸಾಂ ಲಜಾರ್ ರೈಲು ನಿಲ್ದಾಣಕ್ಕೆ ಹೋಗಿ ಎಂಜಿನ್ ಹೊಗೆಯನ್ನು ಮೋಡ ಬರೆದ ಹಾಗೇ ಬರೆದ. ಇವೆಲ್ಲ ಅಮೂರ್ತ ಚಿತ್ರಗಳಲ್ಲ, ಒಪ್ಪುತ್ತೇನೆ. ಆದರೆ ವಸ್ತು ಕರಗಿ ಬರೀ ಬಣ್ಣ ಉಳಿಯುವ ಆಟ ಅಲ್ಲೇ ಶುರುವಾಗಿತ್ತು, ಅದೂ ಹೊಗೆಯ ದೆಸೆಯಿಂದ!

ಇನ್ನು ಬಣ್ಣದ ಕಥೆ. ಆಕಾಶದ ನೀಲಿ ಅಂತ ನಾವು ಮೆಚ್ಚುವ ಪ್ರಷ್ಯನ್ ಬ್ಲೂ ಹುಟ್ಟಿದ್ದು 1700ರ ಆಸುಪಾಸಿನಲ್ಲಿ ಬರ್ಲಿನ್‌ನಲ್ಲಿ, ಬೇರೆ ಏನೋ ಮಾಡಲು ಹೋಗಿ ಆದ ಎಡವಟ್ಟಿನಿಂದ. ಅದರಲ್ಲೂ ಇರುವುದು ಕಬ್ಬಿಣ. ಬಯಲಿಗೆ ಹೋಗಿ ಮರ, ಹೊಳೆ ನೋಡುತ್ತಾ ಬರೆಯುವುದು ಸುಲಭವಾಗಿದ್ದು 1841ರಲ್ಲಿ ಜಾನ್ ರ‍್ಯಾಂಡ್ ಎಂಬಾತ ಬಣ್ಣ ತುಂಬುವ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ. ಅಮೆರಿಕದ ಅಮೂರ್ತ ಚಿತ್ರಕಾರ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಸುರಿದದ್ದು ಮನೆ, ಸಾಮಾನುಗಳಿಗೆ ಬಳಿಯುವ ಎನಾಮೆಲ್ ಪೇಂಟು. ಅವನ ಚಿತ್ರ ನೋಡಿದವರು ಬಳ್ಳಿ, ಪೊದೆ, ಕಾಡು ಅನ್ನುತ್ತಾರೆ. ಈಗ ಹೇಳಿ, ಅದನ್ನು ಯಾವ ಗೋಡೆಗೆ ಹಾಕೋಣ?

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಅಮೆರಿಕದ ಓಹಾಯೋದ ಚಿತ್ರಕಾರ ಜಾನ್ ಸಾಬ್ರಾ ಅವರದು. ಅಲ್ಲಿ ಬಿಟ್ಟುಹೋದ ಹಳೇ ಕಲ್ಲಿದ್ದಲು ಗಣಿಗಳಿವೆ. ಒಳಗಿನ ಪೈರೈಟ್ ಎಂಬ ಖನಿಜಕ್ಕೆ ನೀರು, ಗಾಳಿ ತಾಗಿದರೆ ಆಮ್ಲ ಹುಟ್ಟುತ್ತದೆ, ಕಬ್ಬಿಣ ಕರಗುತ್ತದೆ. ಆ ನೀರು ಗಣಿಯಿಂದ ಹೊರಗೆ ಬಂದು ಹೊಳೆ ಸೇರುತ್ತದೆ. ಹೊಳೆಯ ತಳಕ್ಕೆಲ್ಲ ಕಿತ್ತಳೆ ಬಣ್ಣದ ಕೆಸರು ಕೂರುತ್ತದೆ, ಮೀನು ಬದುಕುವುದಿಲ್ಲ. ಗಯ್ ರೀಫ್ಲರ್ ಎಂಬ ಎಂಜಿನಿಯರ್ ಜೊತೆ ಸೇರಿ ಸಾಬ್ರಾ ಆ ನೀರಿನಿಂದ ಕಬ್ಬಿಣವನ್ನು ಬೇರ್ಪಡಿಸಿ ಬಣ್ಣದ ಪುಡಿ ಮಾಡಿದರು. ಈ ಪುಡಿಯ ಮಜಾ ಏನೆಂದರೆ, ಹಾಗೇ ಒಣಗಿಸಿದರೆ ಹಳದಿ, ಸುಟ್ಟರೆ ಕೆಂಪು, ಇನ್ನೂ ಜಾಸ್ತಿ ಸುಟ್ಟರೆ ನೇರಳೆ ಕಡೆಗೆ ತಿರುಗುತ್ತದೆ. ಅದರಲ್ಲೇ ಅವರು ದುಂಡು ದುಂಡಾದ ಅಮೂರ್ತ ಚಿತ್ರ ಬರೆಯುತ್ತಾರೆ. ಇಲ್ಲಿ ಹೊಳೆಯನ್ನು ನೋಡಿ ಬರೆದದ್ದು ಅನ್ನುವುದಕ್ಕಿಂತ ಹೊಳೆಯಿಂದ ತೆಗೆದು ಬರೆದದ್ದು ಅನ್ನಬೇಕು. ‘ಪ್ರಕೃತಿಯಿಂದ ಪ್ರೇರಿತ’ ಅಂತ ಚೀಟಿ ಅಂಟಿಸಿದ ನೂರು ಹಸಿರು ಕ್ಯಾನ್ವಾಸ್‌ಗಿಂತ ಇದು ನನಗೆ ಹೆಚ್ಚು.

ಹಾಗಂತ ಇಂಥ ಒಳ್ಳೆಯ ಕಥೆ ಇದ್ದ ಮಾತ್ರಕ್ಕೆ ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ. ತುಕ್ಕು ಹಿಡಿದ ತಗಡನ್ನು ಬೋರ್ಡಿಗೆ ಅಂಟಿಸಿ ಕೈತೊಳೆದುಕೊಂಡವರನ್ನೂ ನೋಡಿದ್ದೇನೆ. ಅಂಥದ್ದು ಬೇಕಿದ್ದರೆ ಗುಜರಿ ಅಂಗಡಿಗೇ ಹೋಗಬಹುದು, ಅಲ್ವಾ?

ಕೆಲವು ದಿನದ ಹಿಂದೆ ಇಂಥದೇ ಒಂದು ಪ್ರದರ್ಶನದಲ್ಲಿ, ಹಸಿರು ಗೋಡೆಯ ಕೊನೆಯಲ್ಲಿ, ಮೊಣಕೈ ಉದ್ದದ ಒಂದು ಸಣ್ಣ ಚಿತ್ರ ಇತ್ತು. ಒಣಹುಲ್ಲಿನ ಹಳದಿ ನಿಧಾನಕ್ಕೆ ಕಂದು ಆಗಿ, ನೇರಳೆ ಆಗಿ, ಅಂಚಿನಲ್ಲಿ ಕಡುನೀಲಿಗೆ ಜಾರಿತ್ತು. ಬಣ್ಣವನ್ನು ಚಾಕುವಿನಲ್ಲಿ ಎಳೆದಿದ್ದರು. ಪಕ್ಕಕ್ಕೆ ಸರಿದು ನೋಡಿದರೆ ಏಣುಗಳ ನೆರಳು ಕಾಣುತ್ತಿತ್ತು. ವಯಸ್ಸಾದವರೊಬ್ಬರು ಅದಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಬೋರ್ಡಿನ ಕಡೆ ಅವರು ತಿರುಗಿಯೂ ನೋಡಿರಲಿಲ್ಲ.

‘ಇದು ಲೇತಿಂದ ಬೀಳೋ ಸುರುಳಿ ಕಣ್ರೀ’ ಅಂದರು. ‘ನೋಡಿ, ತುದಿ ನೀಲಿ ಆಗಿದೆ. ಸ್ಪೀಡ್ ಜಾಸ್ತಿ ಇಟ್ಟಿದಾರೆ.’

ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವರಂತೆ. ಆ ಸ್ಪೀಡಿಗೆ ಉಕ್ಕು ಬಿಸಿಯಾಗುತ್ತಾ ಹೋದ ಹಾಗೆ ಬಣ್ಣ ಬದಲಾಯಿಸುವುದನ್ನು ಅವರೇ ವಿವರಿಸಿದರು. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಹಿಂದಿನವರು ಮೀಟರ್ ಇಲ್ಲದೆ ಬಣ್ಣ ನೋಡಿಯೇ ಉಳಿಗೆ ಹದ ಕೊಡುತ್ತಿದ್ದರಂತೆ. ನನಗೆ ಗೊತ್ತಿದ್ದ ಒಂದು ಚೂರನ್ನು ನಾನೂ ಸೇರಿಸಿದೆ: ಅಲ್ಲಿ ಬಣ್ಣ ಅಂತ ಬೇರೆ ಇಲ್ಲ, ಉಕ್ಕಿನ ಮೇಲೆ ತೆಳ್ಳಗೆ ಆಕ್ಸೈಡ್ ಪದರ ಕೂರುತ್ತದೆ, ಪದರ ದಪ್ಪವಾದ ಹಾಗೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ, ಸೋಪಿನ ಗುಳ್ಳೆಯಲ್ಲಿ ಕಾಣುವ ಹಾಗೇ. ಅವರು ತಲೆಯಾಡಿಸಿದರು.

‘ಬರೆದವರು ಯಾವ ಫ್ಯಾಕ್ಟರಿಯಲ್ಲಿದ್ರೋ?’

ನನಗೆ ಸ್ವಲ್ಪ ಸಂಕೋಚವಾಯಿತು. ಕೆಳಗಿನ ಚೀಟಿ ತೋರಿಸಿದೆ. ‘ಸಂಜೆಯ ಕೊಳ’ ಅಂತ ಇತ್ತು.

ಅವರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ ಓದಿದರು. ಮತ್ತೆ ಚಿತ್ರ ನೋಡಿದರು.

‘ಹಂಗಾದ್ರೆ ನೀರಿನ ಮೇಲೆ ಯಾರೋ ಎಣ್ಣೆ ಚೆಲ್ಲಿದಾರೆ.’