ಎರಡನೆಯ ಹಾರ್ನಿನವನ ಸಮಜಾಯಿಷಿ

ಬೆಂಗಳೂರಿಗೆ ಬಂದಾಗಲೆಲ್ಲ ಬಂಧುಗಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಇಷ್ಟು ವರ್ಷದಿಂದ ನುಡಿಸುತ್ತಿದ್ದೀಯಲ್ಲ, ನಿನ್ನ ಕಛೇರಿ ಯಾವಾಗ?" ಲಂಡನ್ನಿನ ಹೊರವಲಯದ ಹವ್ಯಾಸಿ ಆರ್ಕೆಸ್ಟ್ರಾ ಒಂದರಲ್ಲಿ ನಾನು ಹನ್ನೊಂದು ವರ್ಷಗಳಿಂದ ಎರಡನೆಯ ಫ್ರೆಂಚ್ ಹಾರ್ನ್ ನುಡಿಸುತ್ತಿದ್ದೇನೆ, ತಿಂಗಳಿಗೆರಡು ಸಲ ಪಬ್ಬಿನ ಮೂಲೆಯಲ್ಲಿರುವ, ಮೂರು ಕೀಗಳು ಸದ್ದೇ ಮಾಡದ ಪಿಯಾನೊದ ಮುಂದೆ ಕುಳಿತು ಜಾಝ್ ನುಡಿಸುತ್ತೇನೆ, ಉಳಿದ ಹೊತ್ತು ಹೊಟ್ಟೆಪಾಡಿಗೆ ಲೆಕ್ಕಪತ್ರ ನೋಡುತ್ತೇನೆ. ನನ್ನ ಕಛೇರಿ ಎಂಬುದು ಇಲ್ಲ, ಮುಂದೆಯೂ ಇರುವುದಿಲ್ಲ ಎಂದಾಗ ಕೇಳಿದವರ ಮುಖದಲ್ಲಿ ಒಂದು ಬಗೆಯ ಮರುಕ ಕಾಣಿಸುತ್ತದೆ. ಆ ಮರುಕಕ್ಕೆ ನಾನು ಅರ್ಹನಲ್ಲ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಾರ್ನ್ ಎಂದರೆ ನೀಳವಾಗಿ ಬಿಚ್ಚಿಟ್ಟರೆ ಸುಮಾರು 3.7 ಮೀಟರ್ ಉದ್ದವಾಗುವ ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ. ಎಡಗೈ ಕವಾಟಗಳ ಮೇಲಿರುತ್ತದೆ, ಬಲಗೈ ವಾದ್ಯದ ಅಗಲ ಬಾಯಿಯೊಳಗೆ. ತಂಬೂರಿಯ ಮಂದ್ರದ ತಂತಿಗೆ ಕಿವಿಗೊಟ್ಟವರಿಗೆ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಸಿರುತ್ತದಷ್ಟೆ. ಹಾರ್ನಿನ ಬದುಕೆಲ್ಲ ಅಂಥ ಸಹಜ ಸ್ವರಗಳ ಏಣಿಯ ಮೇಲೆಯೇ ನಡೆಯುತ್ತದೆ. ಕೆಳಗೆ ಮೆಟ್ಟಿಲುಗಳ ನಡುವೆ ಬೇಕಾದಷ್ಟು ಜಾಗವಿದ್ದರೆ, ಮೇಲೇರಿದಂತೆ ಅವು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ತುಟಿಯ ಬಿಗಿ ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ ಸ್ವರ ಎಡವಿಕೊಂಡು ಹೊರಬಂದು, ಸಭಾಂಗಣದ ಕೊನೆಯ ಸಾಲಿನವರಿಗೂ ಅದು ಗೊತ್ತಾಗುತ್ತದೆ. ನನ್ನ ನೆರವಿಗೆ ಬಂದದ್ದು ಬಾಲ್ಯದ ಸರಳೆ ವರಸೆ. ಹಳೆಯ ಸಂಯೋಜಕರು ಹಾರ್ನನ್ನು ಒಮ್ಮೆ ಸಿ, ಒಮ್ಮೆ ಇ, ಒಮ್ಮೆ ಡಿ ಶ್ರುತಿಯದೆಂದು ಭಾವಿಸಿ ಬರೆದಿರುವುದರಿಂದ, ಎಫ್ ಶ್ರುತಿಯ ವಾದ್ಯ ಹಿಡಿದ ನಾವು ಕಾಗದದ ಮೇಲಿನ ಸ್ವರವನ್ನು ಮನಸ್ಸಿನಲ್ಲೇ ಸ್ಥಳಾಂತರಿಸಿಕೊಂಡು ಊದಬೇಕು. ಜೊತೆಯವರು ಇದಕ್ಕೆ ತಲೆ ಚಚ್ಚಿಕೊಳ್ಳುವಾಗ, 'ಸ' ಎಲ್ಲಿಟ್ಟರೆ ಅಲ್ಲಿಂದಲೇ ಹಾಡು ಎಂದು ಕಲಿತಿದ್ದ ನನಗೆ ಅದು ಅಷ್ಟೇನೂ ಕಷ್ಟವೆನಿಸಲಿಲ್ಲ.

ಎರಡನೆಯ ಹಾರ್ನಿನವನ ಕೆಲಸವೇನೆಂಬುದು ನನಗೆ ಅರಿವಾದದ್ದು ಜರ್ಮನ್ ಸಂಯೋಜಕ ಬ್ರಾಮ್ಸ್‌ನ ಮೊದಲ ಸಿಂಫನಿ ಎಂಬ ಹಲವು ಭಾಗಗಳ ಆರ್ಕೆಸ್ಟ್ರಾ ಕೃತಿಯಲ್ಲಿ. 1868ರಲ್ಲಿ ತನ್ನ ಗೆಳತಿ, ಪಿಯಾನೊ ವಾದಕಿ ಕ್ಲಾರಾ ಶೂಮನ್ನಳ ಹುಟ್ಟುಹಬ್ಬಕ್ಕೆ ಶುಭಾಶಯವಾಗಿ ಬರೆದು ಕಳಿಸಿದ್ದ, ಆಲ್ಪ್ಸ್ ಬೆಟ್ಟದ ಕಹಳೆಯ ಧಾಟಿಯನ್ನು ಅವನು 1876ರಲ್ಲಿ ಮೊದಲ ಪ್ರದರ್ಶನ ಕಂಡ ಆ ಸಿಂಫನಿಯ ಕೊನೆಯ ಭಾಗದಲ್ಲಿ ಹಾರ್ನಿಗೆ ಕೊಟ್ಟಿದ್ದಾನೆ. ಗ, ರಿ, ಸ, ಪ ಎಂದು ಇಳಿದುಬರುವ ಆ ನೀಳ ಸ್ವರಗಳು ಒಬ್ಬನೇ ಊದಿದಂತೆ ಕೇಳಿಸುತ್ತವೆ. ಆದರೆ ಮೊದಲನೆಯವನು ಉಸಿರೆಳೆದುಕೊಳ್ಳುವಾಗ ಎಳೆ ಕಡಿಯದಂತೆ ಎರಡನೆಯವನು ಅದೇ ಸ್ವರವನ್ನು ಕೈಗೆತ್ತಿಕೊಳ್ಳುವಂತೆ ಬ್ರಾಮ್ಸ್ ಬರೆದಿಟ್ಟಿದ್ದಾನೆ. ನಾನು ಸರಿಯಾಗಿ ನುಡಿಸಿದರೆ ನಾನಿದ್ದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ನಮ್ಮ ಮೊದಲ ಪ್ರದರ್ಶನದಲ್ಲಿ ನಾನು ಆ ಧಾಟಿಗೆ ಮೈಮರೆತು, ಮೊದಲನೆಯವಳ ಜೊತೆಗೇ ಉಸಿರೆಳೆದುಕೊಂಡೆ. ಹಾರ್ನುಗಳೆಲ್ಲ ನಿಂತುಹೋಗಿ, ಕೆಳಗೆ ಪಿಟೀಲುಗಳ ಸಣ್ಣ ನಡುಕವಷ್ಟೇ ಉಳಿಯಿತು. ಒಂದು ಸೆಕೆಂಡಿಗಿಂತ ಕಡಿಮೆಯ ಆ ಖಾಲಿ ಜಾಗ ಈಗಲೂ ಕೆಲವು ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಜಾಝ್ ಪಿಯಾನೊ ಇದರಿಂದ ಬಿಡುಗಡೆ ಎಂದುಕೊಂಡು ಹೋದವನು ನಾನು. ಅಲ್ಲಿ ಮೊದಲು ಹೇಳಿಕೊಟ್ಟದ್ದೂ ಬಿಡುವುದನ್ನೇ: ಎಡಗೈಯಲ್ಲಿ ಕಾರ್ಡಿನ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛದ, ಮೂಲಸ್ವರವನ್ನು ಒತ್ತಬೇಡ, ಅದು ಮಂದ್ರದ ತಂತಿವಾದ್ಯ ಬೇಸ್ ನುಡಿಸುವವರ ಪಾಲು, ನೀನು ಅಲ್ಲಿಂದ ಮೂರನೆಯ ಸ್ವರವನ್ನೂ ಏಳನೆಯದನ್ನೂ ಹಿಡಿ ಎಂದರು. ಅಮೆರಿಕದ ಜಾಝ್ ಪಿಯಾನೊ ವಾದಕ ಬಿಲ್ ಇವಾನ್ಸ್‌ನಂಥವರು ಹದಗೊಳಿಸಿದ ಈ ಕ್ರಮದಲ್ಲಿ ಪಿಯಾನೊ ಒಂದನ್ನೇ ಕೇಳಿದರೆ ಏನೋ ತೇಲುತ್ತಿರುವಂತೆ ಅನಿಸುತ್ತದೆ, ಬೇಸ್ ಸೇರಿದ ಕ್ಷಣ ಅದಕ್ಕೆ ನೆಲ ಸಿಗುತ್ತದೆ. ನನಗೆ ನಿಜವಾಗಿ ಕಷ್ಟವಾದದ್ದು ಬೇರೆ. ಎಷ್ಟೇ ಮನೋಧರ್ಮವಿದ್ದರೂ ಷಡ್ಜ ಅಲುಗದು ಎಂಬ ಭರವಸೆಯಲ್ಲಿ ಬೆಳೆದವನಿಗೆ, ಎರಡೆರಡು ಬಾರ್‌ಗಳಿಗೊಮ್ಮೆ (ಬಾರ್ ಎಂದರೆ ತಾಳದ ಒಂದು ಸುತ್ತು) ಕಾಲಕೆಳಗಿನ ಚಾಪೆಯನ್ನೇ ಎಳೆಯುವ ಸಂಗೀತ ಅದು. 1959ರ ನಂತರ ಜನಪ್ರಿಯವಾದ ಮೋಡಲ್ ಶೈಲಿಯಲ್ಲಿ ಹದಿನಾರು ಬಾರ್ ಒಂದೇ ಡೋರಿಯನ್ ಸ್ಕೇಲಿನಲ್ಲಿ ನಿಲ್ಲುವ ಅವಕಾಶ ಸಿಕ್ಕಾಗ ಮಾತ್ರ, ಅದು ಖರಹರಪ್ರಿಯದ ಸ್ವರಗಳೇ ಆದ್ದರಿಂದ, ಊರಿಗೆ ಬಂದಂತಾಗುತ್ತದೆ. ಗಮಕವಿಲ್ಲದ ಊರು, ಅಷ್ಟೇ.

ನನ್ನ ತಕರಾರು ಇರುವುದು ಇಲ್ಲಿ. ನಮ್ಮಲ್ಲಿ ಮಗುವನ್ನು ಪಾಠಕ್ಕೆ ಸೇರಿಸಿದ ದಿನವೇ ವೇದಿಕೆಯ ನಡುವಿನ ಜಾಗವನ್ನು ಕಲ್ಪಿಸಿಕೊಳ್ಳುತ್ತೇವೆ; ಅಲ್ಲಿಗೆ ತಲುಪದವರು ಹದಿನೆಂಟರ ಹೊತ್ತಿಗೆ ವೀಣೆಗೆ ಬಟ್ಟೆ ಹೊದಿಸಿ ಅಟ್ಟಕ್ಕಿಡುತ್ತಾರೆ. ಸಾಧಾರಣ ಪ್ರತಿಭೆಯ ಪ್ರಾಪ್ತವಯಸ್ಕನೊಬ್ಬ ಅರುವತ್ತು ಜನರ ನಡುವೆ ಕುಳಿತು, ದೊಡ್ಡ ಕೃತಿಯೊಂದರ ಸಣ್ಣ ಭಾಗವನ್ನು ಹೊತ್ತು ನಡೆಯುವುದಕ್ಕೆ ನಮ್ಮ ಸಂಗೀತದಲ್ಲಿ ಭಜನಾ ಮಂಡಳಿಯ ಹೊರಗೆ ಜಾಗವೇ ಕಡಿಮೆ. ತಾಳಮದ್ದಳೆಯಲ್ಲಿ ಮೇಷ್ಟರು, ವಕೀಲರು ಅರ್ಥಧಾರಿಗಳಾಗಿ ಕೂತರೆ ಗೌರವಿಸುವ ನಾವೇ, ಹವ್ಯಾಸಿ ರಂಗಭೂಮಿಯ ಬಗ್ಗೆ ಹೆಮ್ಮೆ ಪಡುವ ನಾವೇ, ಸಂಗೀತಕ್ಕೆ ಬಂದಾಗ 'ಹವ್ಯಾಸಿ' ಎಂಬ ಪದವನ್ನು ಅರೆಬೆಂದದ್ದು ಎಂಬರ್ಥದಲ್ಲಿ ಬಳಸುತ್ತೇವೆ. ಹಾಗೆಂದು "ನಾನು ಬರೀ ಸಂತೋಷಕ್ಕಾಗಿ ನುಡಿಸುವವನು" ಎನ್ನುತ್ತಾ ಅಭ್ಯಾಸ ಮಾಡದೆ ರಿಹರ್ಸಲಿಗೆ ಬರುವವರ ಪರವಾಗಿ ನಾನು ಮಾತಾಡುತ್ತಿಲ್ಲ. ಅವರ ಸಂತೋಷದ ಬೆಲೆಯನ್ನು ಪಕ್ಕದ ಕುರ್ಚಿಯವರು ತೆರುತ್ತಾರೆ.

ಇದು ನಮ್ಮ ಸಂಗೀತವಲ್ಲ ಎನ್ನುವ ಮೈಸೂರಿನ ಗೆಳೆಯರಿಗೆ ನಾನು ಒಂದು ಸಂಗತಿ ನೆನಪಿಸುತ್ತೇನೆ. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಜಯಚಾಮರಾಜ ಒಡೆಯರು ಕೊಟ್ಟ 4,800 ಡಾಲರ್ ಖಾತರಿಯ ಬಲದಿಂದ. ಸ್ಟ್ರಾಸ್‌ನ ತಂದೆ ಹಾರ್ನ್ ವಾದಕ. ಆ ನಾಲ್ಕರಲ್ಲಿ ಒಂದು ಹಾಡು ದನಿ ನಿಂತ ಮೇಲೆ ಹಾರ್ನಿನ ಏಕಾಂಗಿ ಆಲಾಪದಲ್ಲಿ ಮುಗಿಯುತ್ತದೆ. ತಾವೇ ಪಿಯಾನೊ ನುಡಿಸುತ್ತಿದ್ದ, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಒಡೆಯರಿಗೂ ಸಂಗೀತ ವೃತ್ತಿಯಾಗಿರಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಅವರ ವೃತ್ತಿ ಅರಸೊತ್ತಿಗೆ, ನನ್ನದು ಲೆಕ್ಕಪತ್ರ. ಹೋಲಿಕೆ ಇಲ್ಲಿಗೇ ನಿಲ್ಲಲಿ.

ಈ ಋತುವಿನಲ್ಲಿ ನಾವು ಮತ್ತೆ ಬ್ರಾಮ್ಸ್ ಎತ್ತಿಕೊಂಡಿದ್ದೇವೆ. ಕಳೆದ ಮಂಗಳವಾರ ಚರ್ಚಿನ ಹಾಲಿನಲ್ಲಿ, ವಾದ್ಯ ತಿರುಗಿಸಿ ಒಳಗಿನ ನೀರು ಚೆಲ್ಲುತ್ತಿದ್ದಾಗ, ಮೊದಲ ಹಾರ್ನಿನವಳು ನನ್ನ ಹಾಳೆಯ ಕಡೆ ಬಾಗಿ, ತಾನು ಉಸಿರೆಳೆಯುವ ಜಾಗಕ್ಕೆ ಪೆನ್ಸಿಲಿನಿಂದ ದಪ್ಪನೆಯ ಅಡ್ಡಗೆರೆ ಹಾಕಿದಳು. ಅದರ ಪಕ್ಕದಲ್ಲಿ ನಾನು ಕನ್ನಡದಲ್ಲಿ 'ತಡಿ' ಎಂದು ಬರೆದುಕೊಂಡಿದ್ದೇನೆ.