ವಾಯ್ನಿಚ್ ಹಸ್ತಪ್ರತಿ: ಚಿತ್ರ ಮೊದಲು, ಬರಹ ಆಮೇಲೆ

ಇದುವರೆಗೆ ಯಾರೂ ಓದಲಾಗದ ಲಿಪಿಯಲ್ಲಿರುವ ಹಳೆಯ ಪುಸ್ತಕ ವಾಯ್ನಿಚ್ ಹಸ್ತಪ್ರತಿಯ ಗುಟ್ಟು ಕೊನೆಗೂ ಬಯಲಾಯಿತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅದು ಹೀಬ್ರೂ ಅಂತ ಒಬ್ಬರು, ಲ್ಯಾಟಿನ್‌ನ ಸಂಕ್ಷಿಪ್ತ ಬರಹ ಅಂತ ಇನ್ನೊಬ್ಬರು, ಹಳೆಯ ತುರ್ಕಿ ಅಂತ ಮತ್ತೊಬ್ಬರು. 2019ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ ತನ್ನಲ್ಲಿನ ಸಂಶೋಧಕರೊಬ್ಬರು ಇದನ್ನು ಓದಿಬಿಟ್ಟಿದ್ದಾರೆ ಎಂದು ಸಾರಿತು. ವಿದ್ವಾಂಸರು ಆಕ್ಷೇಪಿಸಿದ ಮೇಲೆ ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ಲಿಪಿಯ ಸುತ್ತ ಇಷ್ಟೆಲ್ಲ ಗದ್ದಲವಾಗುವಾಗ ಆ ಪುಸ್ತಕದ ಚಿತ್ರಗಳಿಗೆ ಸಿಗುವುದು ಬರೀ ಸುಳಿವಿನ ಸ್ಥಾನ. ಬೀಗಕ್ಕೆ ಕೀಲಿಕೈ ಹುಡುಕುವವರು ಅವುಗಳನ್ನು ತಡಕಾಡಿ ಬಿಟ್ಟುಬಿಡುತ್ತಾರೆ. ಇದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಸುಮಾರು 23 ಸೆಂ.ಮೀ. ಎತ್ತರದ, ಸುಮಾರು 240 ಪುಟಗಳ ಪುಸ್ತಕ. ಕಾಗದವಲ್ಲ, ಕರುವಿನ ಚರ್ಮ. 2009ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ನಡೆದ ಕಾರ್ಬನ್ ಪರೀಕ್ಷೆಯ ಪ್ರಕಾರ ಆ ಚರ್ಮ 1404ರಿಂದ 1438ರ ನಡುವಿನದು. ಪ್ರಾಗ್‌ನಲ್ಲಿದ್ದ ಚಕ್ರವರ್ತಿ ಎರಡನೇ ರುಡಾಲ್ಫ್ ಇದಕ್ಕೆ 600 ಡುಕಾಟ್ ಚಿನ್ನದ ನಾಣ್ಯ ಕೊಟ್ಟಿದ್ದನಂತೆ ಎಂದು 17ನೇ ಶತಮಾನದ ಒಂದು ಪತ್ರ ಹೇಳುತ್ತದೆ. 1912ರಲ್ಲಿ ಪುಸ್ತಕ ವ್ಯಾಪಾರಿ ವಿಲ್‌ಫ್ರಿಡ್ ವಾಯ್ನಿಚ್ ಇಟಲಿಯ ಜೆಸ್ಯೂಟ್ ಪಂಥದ ಕ್ರೈಸ್ತ ಪಾದ್ರಿಗಳಿಂದ ಕೊಂಡ. ಅವನ ಹೆಸರೇ ಪುಸ್ತಕಕ್ಕೆ ಅಂಟಿತು. 1969ರಿಂದ ಅದು ಯೇಲ್ ವಿಶ್ವವಿದ್ಯಾಲಯದ ಬೈನೆಕೆ ಗ್ರಂಥಾಲಯದಲ್ಲಿದೆ.

ಈಗ ಗಿಡಗಳ ಪುಟ ಯಾವುದಾದರೂ ಒಂದನ್ನು ತೆರೆಯಿರಿ. ಪುಟದ ತುಂಬ ಒಂದು ಗಿಡ, ಬೇರಿನಿಂದ ಹೂವಿನವರೆಗೆ. ಅಕ್ಷರಗಳ ಸಾಲು ಎಲೆಯ ಹತ್ತಿರ ಬಂದು ನಿಲ್ಲುತ್ತದೆ, ಕಾಂಡವನ್ನು ದಾಟಿ ಆಚೆ ಬದಿಯಲ್ಲಿ ಮುಂದುವರಿಯುತ್ತದೆ. ಅಂದರೆ ಮೊದಲು ಚಿತ್ರ ಬರೆದಾಯಿತು, ಉಳಿದ ಜಾಗದಲ್ಲಿ ಬರಹ ತುಂಬಿದರು. ಆ ಕಾಲದ ಗಿಡಮೂಲಿಕೆ ಪುಸ್ತಕಗಳಲ್ಲಿ ಇದು ಸಾಮಾನ್ಯ ಪದ್ಧತಿ. ಪುಸ್ತಕ ಮಾಡಿದವರೇ ಚಿತ್ರಕ್ಕೆ ಮೊದಲ ಜಾಗ ಕೊಟ್ಟಿರುವಾಗ ನಾವು ಅದನ್ನು ಕೊನೆಗೆ ತಳ್ಳುವುದು ಯಾವ ನ್ಯಾಯ?

ನೂರಕ್ಕೂ ಹೆಚ್ಚು ಗಿಡಗಳಿವೆ. ಬಹುಪಾಲು ಯಾವ ತೋಟದಲ್ಲೂ ಕಾಡಿನಲ್ಲೂ ಸಿಗುವಂಥವಲ್ಲ. ಒಂದರ ಬೇರಿನ ಮೇಲೆ ಇನ್ನೊಂದರ ಕಾಂಡ, ಅದರ ಮೇಲೆ ಮತ್ತೊಂದರ ಹೂವು. ಕೆಲವು ಕಡೆ ದಪ್ಪ ಬೇರನ್ನು ಅಡ್ಡಡ್ಡ ಕತ್ತರಿಸಿ, ಆ ಚಪ್ಪಟೆ ಮೈಯಿಂದ ಹೊಸ ಕಾಂಡ ಎಬ್ಬಿಸಿದ್ದಾರೆ, ಮಾವಿಗೆ ಕಸಿ ಕಟ್ಟಿದ ಹಾಗೆ. 33ನೇ ಹಾಳೆಯ ಮುಂಬದಿಯಲ್ಲಿ ಬೇರುಗಳ ತುದಿಗೆ ಮನುಷ್ಯರ ತಲೆಗಳಿವೆ. 25ನೇ ಹಾಳೆಯ ಹಿಂಬದಿಯಲ್ಲಿ ಗಿಡದ ಬುಡದ ಹತ್ತಿರ ಪುಟ್ಟ ಡ್ರ್ಯಾಗನ್‌ನಂಥ ಒಂದು ಪ್ರಾಣಿ. ಬೇರೆ ಲೋಕದಿಂದ ಬಂದವರು ಬರೆದದ್ದು ಎನ್ನುವವರು ತೋರಿಸುವುದು ಇಂಥವನ್ನೇ. ಆದರೆ 14, 15ನೇ ಶತಮಾನದ ಉತ್ತರ ಇಟಲಿಯ ಮೂಲಿಕೆ ಪುಸ್ತಕಗಳಲ್ಲಿ ಮುಖವಿರುವ ಬೇರು, ಪ್ರಾಣಿಯಾಕಾರದ ಬೇರು ಅಪರೂಪವೇನಲ್ಲ. ಮ್ಯಾಂಡ್ರೇಕ್ ಎಂಬ ಗಿಡದ ಬೇರನ್ನು ಯುರೋಪಿನಲ್ಲಿ ಶತಮಾನಗಳ ಕಾಲ ಮನುಷ್ಯಾಕೃತಿಯಲ್ಲೇ ಬರೆಯುತ್ತಿದ್ದರು. ಗಿಡವನ್ನು ಕಣ್ಣಾರೆ ಕಾಣದ ಚಿತ್ರಕಾರ ಹಳೆಯ ಪ್ರತಿ ನೋಡಿ ಬರೆಯುತ್ತಿದ್ದ. ಅವನದನ್ನು ನೋಡಿ ಇನ್ನೊಬ್ಬ. ಹೀಗೆ ಕೈಯಿಂದ ಕೈಗೆ ದಾಟುತ್ತ ಎಲೆ, ಹೂವು ಎಲ್ಲವೂ ಬದಲಾಗುತ್ತಿದ್ದವು. ವಾಯ್ನಿಚ್‌ನ ಗಿಡಗಳು ಆ ಓಣಿಯಲ್ಲೇ ಹುಟ್ಟಿದವು ಅಂತ ನನಗನಿಸುತ್ತದೆ, ಆದರೆ ಓಣಿಯ ಉಳಿದವರಿಗಿಂತ ಬಹಳ ಮುಂದೆ ಹೋಗಿವೆ. ಆ ಮುಂದಿನ ಹೆಜ್ಜೆ ಯಾಕೆ, ಅದೇ ನಿಜವಾದ ಪ್ರಶ್ನೆ.

ಚಿತ್ರವನ್ನು ಅದರ ಕಾಲದೊಳಗಿಟ್ಟು ನೋಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಿದರ್ಶನಗಳಿವೆ. 1921ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ನ್ಯೂಬೋಲ್ಡ್ ಒಂದು ಸುರುಳಿ ಚಿತ್ರವನ್ನು ಆಂಡ್ರೊಮಿಡಾ ಗೆಲಾಕ್ಸಿ ಎಂದರು. 13ನೇ ಶತಮಾನದ ಇಂಗ್ಲಿಷ್ ಪಂಡಿತ ರೋಜರ್ ಬೇಕನ್ ದೂರದರ್ಶಕದಲ್ಲಿ ನೋಡಿ ಬರೆದದ್ದು ಎಂಬ ಕಥೆಯೇ ಹುಟ್ಟಿತು. ಅಕ್ಷರಗಳೊಳಗೆ ಗುಪ್ತ ಬರಹ ಎಂದು ನ್ಯೂಬೋಲ್ಡ್ ಕಂಡ ಸೂಕ್ಷ್ಮ ಗೀಟುಗಳು ಮಸಿ ಒಣಗಿ ಬಿಟ್ಟ ಬಿರುಕುಗಳು ಎಂದು ವಿದ್ವಾಂಸ ಜಾನ್ ಮ್ಯಾನ್ಲಿ 1931ರಲ್ಲಿ ತೋರಿಸಿದರು. 1944ರಲ್ಲಿ ಸಸ್ಯಶಾಸ್ತ್ರಜ್ಞ ಹ್ಯೂ ಓನೀಲ್ ಒಂದು ಹೂವನ್ನು ಸೂರ್ಯಕಾಂತಿ ಎಂದು ಗುರುತಿಸಿದರು. ಸೂರ್ಯಕಾಂತಿ ಅಮೆರಿಕದ್ದು, ಹಾಗಾಗಿ ಪುಸ್ತಕ ಕೊಲಂಬಸ್‌ನ ನಂತರದ್ದು ಎಂಬ ತೀರ್ಮಾನ. ಅದಕ್ಕೂ ಚರ್ಮದ ಕಾಲಕ್ಕೂ ತಾಳೆಯಾಗುವುದಿಲ್ಲ. ನ್ಯೂಬೋಲ್ಡ್, ಓನೀಲ್ ಇಬ್ಬರೂ ತಿಳಿದವರೇ. ತಮಗೆ ಗೊತ್ತಿದ್ದ ವಸ್ತುವನ್ನು ಚಿತ್ರದಲ್ಲಿ ಹುಡುಕಿದರು, ಅದೇ ಸಿಕ್ಕಿತು.

ಇದಕ್ಕೆ ಬದಲು ರಾಶಿಚಕ್ರದ ಪುಟಗಳನ್ನು ನೋಡಿ. ಇಲ್ಲಿ ನಮಗೆ ಯಾರ ಸಹಾಯವೂ ಬೇಡ. ಮೀನ, ಮೇಷ, ವೃಷಭ ಎಂದು ನಾವೇ ಗುರುತಿಸುತ್ತೇವೆ. ನಡುವೆ ರಾಶಿಯ ಚಿತ್ರ, ಸುತ್ತ ಬಳೆಗಳಂತೆ ಸಾಲುಗಟ್ಟಿ ನಿಂತ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ನಕ್ಷತ್ರ. ಬಹುತೇಕ ರಾಶಿಗಳಿಗೆ ಮೂವತ್ತು ಜನ. ಮೇಷ ಮತ್ತು ವೃಷಭಕ್ಕೆ ಎರಡೆರಡು ಚಿತ್ರ, ಒಂದೊಂದಕ್ಕೆ ಹದಿನೈದು ಜನ. ರಾಶಿಗೆ ಮೂವತ್ತು ಅಂಶ ಎಂಬ ಲೆಕ್ಕ ಗೊತ್ತಿದ್ದವರ ಕೆಲಸ ಇದು. ಮಕರ, ಕುಂಭದ ಹಾಳೆ ಕಳೆದುಹೋಗಿದೆ. ಧನು ರಾಶಿಯಲ್ಲಿ ಕುದುರೆಯ ಮೈಯ ಬಿಲ್ಲುಗಾರ ಇಲ್ಲ. ಎರಡು ಕಾಲಿನ ಸಾಮಾನ್ಯ ಮನುಷ್ಯ, ಆ ಶತಮಾನದ ಉಡುಗೆ ತೊಟ್ಟು ಅಡ್ಡಬಿಲ್ಲು ಹಿಡಿದಿದ್ದಾನೆ. ಹೀಗೆ ಅಡ್ಡಬಿಲ್ಲು ಹಿಡಿದ ಧನು 15ನೇ ಶತಮಾನದ ಜರ್ಮನ್ ಪ್ರದೇಶದ ಹಸ್ತಪ್ರತಿಗಳಲ್ಲೂ ಸಿಗುತ್ತಾನೆ. ಇನ್ನು, ಆರು ಪುಟಗಳಷ್ಟು ಅಗಲಕ್ಕೆ ಬಿಚ್ಚಿಕೊಳ್ಳುವ ಮಡಿಕೆ ಹಾಳೆಯಲ್ಲಿ ಒಂಬತ್ತು ವರ್ತುಲಗಳ ನಡುವೆ ಒಂದು ಪುಟ್ಟ ಕೋಟೆಯಿದೆ. ಅದರ ಗೋಡೆಯ ಮೇಲೆ ಹಲ್ಲಿನಂತೆ ಎದ್ದಿರುವ ತೆನೆಗಳ ತುದಿ ಕವಲೊಡೆದಿದೆ. ಇಂಥ ತೆನೆ ಉತ್ತರ ಇಟಲಿಯ ಕೋಟೆಗಳಿಗೆ ಹೆಸರಾದದ್ದು. ಉಡುಗೆ, ಆಯುಧ, ಗೋಡೆ: ಓದಲಾಗದ ಪುಸ್ತಕ ತನ್ನ ಕಾಲ ಮತ್ತು ಊರಿನ ದಿಕ್ಕನ್ನು ಚಿತ್ರಗಳಲ್ಲಿ ಹೇಳುತ್ತಲೇ ಇದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುವುದು ಸ್ನಾನದ ಪುಟಗಳು. ಹಸಿರು, ನೀಲಿ ನೀರಿನ ಕೊಳಗಳಲ್ಲಿ ಬೆತ್ತಲೆ ಹೆಂಗಸರು. ಕೊಳದಿಂದ ಕೊಳಕ್ಕೆ ಕೊಳವೆಗಳು, ಕೆಲವು ನಿಜವಾದ ಕೊಳವೆಯಂತೆ, ಕೆಲವು ದೇಹದೊಳಗಿನ ನಾಳಗಳಂತೆ. ಒಬ್ಬಳ ಕೈಯಲ್ಲಿ ಶಿಲುಬೆ, ಕೆಲವರ ತಲೆಯ ಮೇಲೆ ಕಿರೀಟ. ಇಟಲಿಯಲ್ಲಿ ಬಿಸಿನೀರಿನ ಬುಗ್ಗೆಗಳ ಚಿಕಿತ್ಸೆಯ ಬಗ್ಗೆ ಚಿತ್ರಸಹಿತ ಪುಸ್ತಕಗಳಿದ್ದವು, ಇದು ಅದರ ದೂರದ ನೆಂಟ ಇರಬಹುದು. 2024ರಲ್ಲಿ ಸಂಶೋಧಕರಾದ ಕೀಗನ್ ಬ್ರೂಯರ್ ಮತ್ತು ಮಿಷೆಲ್ ಲೂಯಿಸ್ ಮತ್ತೊಂದು ವಾದ ಮುಂದಿಟ್ಟರು. ಆ ಕಾಲದಲ್ಲಿ ಹೆಂಗಸರ ದೇಹ, ಗರ್ಭಧಾರಣೆಯ ವಿಷಯವನ್ನು ಮುಚ್ಚಿಟ್ಟು ಬರೆಯುವ ರೂಢಿಯಿತ್ತು. ಬವೇರಿಯಾದ ವೈದ್ಯ ಯೋಹಾನಸ್ ಹಾರ್ಟ್‌ಲೀಬ್ ಅಂಥ ಸಂಗತಿಗಳನ್ನು ಗುಪ್ತಾಕ್ಷರದಲ್ಲಿಡಬೇಕು ಎಂದವನು. ಈ ಪುಸ್ತಕವನ್ನೂ ಆ ಹಿನ್ನೆಲೆಯಲ್ಲಿ ನೋಡಬೇಕು ಎಂಬುದು ಅವರ ಮಾತು. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಈ ದಾರಿ ನನಗೆ ಹಿಡಿಸುತ್ತದೆ, ಯಾಕೆಂದರೆ ಅವರು ಈ ಹೆಂಗಸರನ್ನು ಅಲಂಕಾರ ಎಂದು ಪಕ್ಕಕ್ಕೆ ಸರಿಸಲಿಲ್ಲ. ಇಷ್ಟೊಂದು ಹೆಂಗಸರು ತುಂಬಿರುವ ಪುಸ್ತಕದಲ್ಲಿ ಅವರು ಏನು ಮಾಡುತ್ತಿದ್ದಾರೆ ಎಂದು ಕೇಳದೆ ಅಕ್ಷರಗಳ ಎಣಿಕೆಯಲ್ಲೇ ಮುಳುಗುವುದು ನನಗೆ ಒಪ್ಪಿಗೆಯಾಗದು.

ಇದೆಲ್ಲ ದುಡ್ಡಿಗಾಗಿ ಮಾಡಿದ ಮೋಸ, ಅರ್ಥವಿಲ್ಲದ ಗೀಚು ಎನ್ನುವ ವಾದವೂ ಇದೆ. ಲಿಪಿಯ ವಿಷಯದಲ್ಲಿ ಅದನ್ನು ಚರ್ಚಿಸಲಿ. ಚಿತ್ರಗಳನ್ನು ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ಪುಸ್ತಕದ ಕೊನೆಯ ಕಡೆಗೆ ಔಷಧದ ಪುಟಗಳಿವೆ: ಅಂಚಿನಲ್ಲಿ ಬಣ್ಣದ ಭರಣಿಗಳು, ಪಕ್ಕದಲ್ಲಿ ಬೇರು, ಎಲೆಗಳ ಸಣ್ಣ ಸಣ್ಣ ಚಿತ್ರ. ಅವುಗಳಲ್ಲಿ ಕೆಲವು ಮೊದಲ ಭಾಗದ ದೊಡ್ಡ ಗಿಡಗಳ ಬೇರು, ಎಲೆಗಳೇ. ಯಾರೋ ಆ ದೊಡ್ಡ ಗಿಡದ ಪುಟ ತೆಗೆದು, ಬೇಕಾದ ಭಾಗವನ್ನಷ್ಟೇ ಆರಿಸಿ, ಚಿಕ್ಕದಾಗಿ ಮತ್ತೆ ಬರೆದಿದ್ದಾರೆ. ಗೀಚಿ ಮುಗಿಸಿ ಹಣ ಎಣಿಸಬೇಕಾದವರಿಗೆ ಈ ಶ್ರಮ ಯಾಕೆ ಬೇಕಿತ್ತು? ಬರವಣಿಗೆಯಲ್ಲಿ ಐದು ಕೈಗಳಿವೆ ಎಂದು ಹಸ್ತಪ್ರತಿ ತಜ್ಞೆ ಲೀಸಾ ಫೇಗನ್ ಡೇವಿಸ್ 2020ರಲ್ಲಿ ಗುರುತಿಸಿದ್ದಾರೆ. ಐದು ಜನ ಸೇರಿ ದುಡಿದಿದ್ದರೆ ಅವರ ನಡುವೆ ಒಂದು ಒಪ್ಪಂದ, ಒಂದು ಕಲಿಕೆ ಇದ್ದೇ ಇರಬೇಕು.

ಬಣ್ಣದ ಬಗ್ಗೆಯೂ ಒಂದು ಮಾತು. ಗೆರೆ ಎಳೆದ ಕೈ ಬಹಳ ಜೋಪಾನದ್ದು. ಬಣ್ಣ ಬಳಿದ ಕೈ ಎಷ್ಟೋ ಕಡೆ ಗೆರೆ ದಾಟಿ ಹರಡಿದೆ. ಬಣ್ಣ ಆಮೇಲೆ ಯಾರೋ ಬಳಿದದ್ದು ಎಂದು ಕೆಲವರು ವಾದಿಸುತ್ತಾರೆ. ನನಗೂ ಅದು ಸರಿ ಎನ್ನಿಸುತ್ತದೆ, ಮುಖ್ಯವಾಗಿ ದಟ್ಟ ನೀಲಿಯ ವಿಷಯದಲ್ಲಿ. ಹಾಗಾಗಿ ಗಿಡ ಗುರುತಿಸುವವರು ಹೂವಿನ ಬಣ್ಣ ನಂಬಿ ಹೆಸರಿಡಬಾರದು, ಗೆರೆಯನ್ನಷ್ಟೇ ನೋಡಬೇಕು.

ಯೇಲ್‌ನವರು ಅಷ್ಟೂ ಪುಟಗಳ ದೊಡ್ಡ ಚಿತ್ರಗಳನ್ನು ಉಚಿತವಾಗಿ ಇಂಟರ್‌ನೆಟ್‌ನಲ್ಲಿ ಇಟ್ಟಿದ್ದಾರೆ. ನನ್ನ ಸ್ನೇಹಿತರ ಪಟ್ಟಿಯಲ್ಲಿ ಸಸ್ಯಶಾಸ್ತ್ರ ಓದಿದವರು, ಚಿತ್ರಕಲೆ ಕಲಿಸುವವರು ಇದ್ದೀರಿ. ದಯವಿಟ್ಟು 9ನೇ ಹಾಳೆಯ ಹಿಂಬದಿ ತೆರೆದು ನೋಡಿ. ಅದು ಪ್ಯಾನ್ಸಿಯ ಜಾತಿಯ ಗಿಡ ಎನ್ನುವುದನ್ನು ಬಹುಪಾಲು ಜನ ಒಪ್ಪುತ್ತಾರೆ. ಅಲ್ಲಿ ಚಿತ್ರಕಾರ ಏನನ್ನು ಕಣ್ಣಾರೆ ಕಂಡು ಬರೆದಿದ್ದಾನೆ, ಎಲ್ಲಿ ಕೈ ತನ್ನ ಪಾಡಿಗೆ ತಾನು ಹೋಗಿದೆ ಅಂತ ನಿಮಗೆ ಅನಿಸಿದ್ದನ್ನು ಇಲ್ಲಿ ಬರೆಯಿರಿ.