ಮನೆಯಲ್ಲೇ ಬಾವಿ ಇಟ್ಟುಕೊಂಡು ಟ್ಯಾಂಕರ್ ತರಿಸುವವರಿಗೆ

ಈಗಷ್ಟೇ ಬೆಳಗಾವಿಯ ತಿಲಕವಾಡಿಯಿಂದ ಮನೆಗೆ ಬಂದೆ. ತಲೆ ಇನ್ನೂ ಬಿಸಿಯಾಗೇ ಇದೆ.

ಇವತ್ತು 20ನೇ ತಾರೀಕು. ಜಿಎಸ್‌ಟಿಯ ತಿಂಗಳ ರಿಟರ್ನ್ ತ್ರೀ-ಬಿ ತುಂಬಲು ಕೊನೆ ದಿನ. ಉದ್ಯಮಬಾಗದ ಒಂದು ಫೌಂಡ್ರಿಯ ಅಕೌಂಟೆಂಟ್ ಮಧ್ಯಾಹ್ನ ಫೋನ್ ಮಾಡಿದರು. "ಸರ, ಮನಿಯಿಂದ ಆಫೀಸಿನ ಟ್ಯಾಲಿ ಓಪನ್ ಆಗವಲ್ತ್ರೀ. ವಿಪಿಎನ್ ಸುಮ್ನ ತಿರಗಾಕತ್ತೈತಿ."

ವಿಪಿಎನ್ ಅಂದರೆ ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಇಂಟರ್ನೆಟ್ ಮೂಲಕ ಹಾಕುವ ಗುಪ್ತ ಸುರಂಗ. ಅವರ ಮನೆಗೆ ಹೋಗಿ ನೋಡಿದರೆ ಲ್ಯಾಪ್‌ಟಾಪಿನಲ್ಲಿ ಒಂದಲ್ಲ, ಮೂರು ವಿಪಿಎನ್ ಆಪ್! ಒಂದು, ಆಫೀಸಿನ ನೆಟ್‌ವರ್ಕ್ ಕಾಯುತ್ತಿದ್ದು ಎಂದೋ ಗುಜರಿಗೆ ಹೋದ ಹಳೆ ಫೈರ್‌ವಾಲ್‌ನದು. ಇನ್ನೊಂದು ಈಗಿನದರ ಜೊತೆ ಬಂದದ್ದು. ಮೂರನೆಯದು ಅವರ ಅಳಿಯ ಯಾವುದೋ ವಿಡಿಯೋ ನೋಡಿ ಫ್ರೀ ಅಂತ ಹಾಕಿಕೊಟ್ಟದ್ದು. ಗಡಿಯಾರದ ಪಕ್ಕ ಒಂದು ಬೀಗ, ಒಂದು ಗುರಾಣಿ, ಒಂದು ಭೂಗೋಳ. ಮೂರೂ ಸೇರಿ ಇಂಟರ್ನೆಟ್ಟನ್ನು ತಮ್ಮ ತಮ್ಮ ಕಡೆ ಎಳೆಯುತ್ತಿದ್ದವು.

ಅಲ್ರೀ, ವಿಂಡೋಸ್‌ನಲ್ಲೇ ವಿಪಿಎನ್ ಇದೆ. ಸೆಟ್ಟಿಂಗ್ಸ್, ನೆಟ್‌ವರ್ಕ್, ವಿಪಿಎನ್, ಆ್ಯಡ್. ಫೈರ್‌ವಾಲ್‌ನ ವಿಳಾಸ, ವಿಪಿಎನ್ ಬಗೆ ಎಲ್‌2ಟಿಪಿ, ಎರಡೂ ಕಡೆ ಹಾಕುವ ಗುಟ್ಟಿನ ಪದ ಅಂದರೆ ಪ್ರೀ-ಶೇರ್ಡ್ ಕೀ, ಯೂಸರ್ ಹೆಸರು, ಪಾಸ್‌ವರ್ಡ್. ಮುಗೀತು. ಇಷ್ಟಕ್ಕೆ ಹೊರಗಿನ ಆಪ್ ಯಾಕೆ ಬೇಕು?

ಮೂರನ್ನೂ ಕಿತ್ತು ಹಾಕಿದೆ. ಫೈರ್‌ವಾಲ್ ಕಡೆ ಎಲ್‌2ಟಿಪಿ ನಾನೇ ಹಿಂದೆ ಆನ್ ಮಾಡಿಟ್ಟಿದ್ದೆ. ಜಂಬದಿಂದ ಕನೆಕ್ಟ್ ಒತ್ತಿದೆ. ಎರರ್ 809, ಆ ಕಡೆಯಿಂದ ಉತ್ತರವೇ ಇಲ್ಲ! ಅಕೌಂಟೆಂಟ್ ಸಾಹೇಬರು ನನ್ನ ಮುಖ ನೋಡಿದರು. ನಾನು ಚಹಾದ ಕಪ್ ನೋಡಿದೆ.

ಆಮೇಲೆ ಹೊಳೆಯಿತು. ಫೌಂಡ್ರಿಯ ಫೈರ್‌ವಾಲ್ ನೇರವಾಗಿ ಇಂಟರ್ನೆಟ್ ಮೇಲೆ ಕೂತಿಲ್ಲ, ಫೈಬರ್ ಮೋಡೆಮ್ ಹಿಂದೆ ಇದೆ. ಮೋಡೆಮ್‌ನಲ್ಲಿ ವಿಪಿಎನ್‌ಗೆ ಬೇಕಾದ ಯುಡಿಪಿ 500 ಮತ್ತು 4500 ಪೋರ್ಟ್ ಒಳಗೆ ಬಿಟ್ಟದ್ದು ಸರಿಯಾಗೇ ಇತ್ತು. ಆದರೆ ವಿಪಿಎನ್ ಸರ್ವರ್, ಅಂದರೆ ಈ ಫೈರ್‌ವಾಲ್, ಹೀಗೆ ನ್ಯಾಟ್ (ಮೋಡೆಮ್ ಮಾಡುವ ವಿಳಾಸ ಬದಲಾವಣೆ) ಹಿಂದೆ ಇದ್ದರೆ ವಿಂಡೋಸ್ ತಾನಾಗಿ ಎಲ್‌2ಟಿಪಿಗೆ ಬೀಗ ಹಾಕುವ ಐಪಿಸೆಕ್ ಜೋಡಿಸುವುದಿಲ್ಲ. ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ, ಪಾಲಿಸಿಏಜೆಂಟ್ ಒಳಗೆ, ಒಂದು ಉದ್ದ ಹೆಸರಿನ ವ್ಯಾಲ್ಯೂ ಸೇರಿಸಿ ಅದಕ್ಕೆ 2 ಅಂತ ಬರೆದು ರೀಸ್ಟಾರ್ಟ್ ಮಾಡಬೇಕು. ಹೆಸರು 'ಅಸ್ಯೂಮ್ ಯುಡಿಪಿ ಎನ್‌ಕ್ಯಾಪ್ಸುಲೇಶನ್...' ಅಂತ ಶುರುವಾಗಿ ಧಾರವಾಡದ ತನಕ ಹೋಗುತ್ತದೆ. ಬರೆದೆ. ರೀಸ್ಟಾರ್ಟ್. ಕನೆಕ್ಟೆಡ್!

"ಫೈರ್‌ವಾಲ್ ಕಂಪನಿಯ ಆಪ್‌ನಲ್ಲಿ ಓಟಿಪಿ ಇರುತ್ತದೆ, ಆಂಟಿವೈರಸ್ ಇದೆಯಾ ಅಂತ ಚೆಕ್ ಮಾಡುತ್ತದೆ" ಅಂತ ಕಮೆಂಟ್ ಹಾಕಲು ಕೆಲವರು ಈಗಾಗಲೇ ಟೈಪ್ ಮಾಡುತ್ತಿದ್ದೀರಿ, ಗೊತ್ತು. ನಿಜ, ಬ್ಯಾಂಕಿಗೆ ಬೇಕು. ಇಲ್ಲಿ ಹೊರಗಿನಿಂದ ಬರುವವರು ಮೂರು ಜನ. ಆ ಓಟಿಪಿಯನ್ನು ಈ ಫೌಂಡ್ರಿಯಲ್ಲಿ ಆನ್ ಮಾಡಿದ್ದು ಯಾರು? ಯಾರೂ ಇಲ್ಲ! ಬಿಲ್ಟ್-ಇನ್ ಅಂದರೆ ಪಿಪಿಟಿಪಿಯಂಥ ತೂತು ಬಿದ್ದ ಹಳೆ ವಿಪಿಎನ್ ಅಂದುಕೊಂಡವರೂ ಇದ್ದಾರೆ. ಅದನ್ನು ಮ್ಯಾಕ್‌ನವರು 2016ರಲ್ಲೇ ತೆಗೆದು ಬಿಸಾಕಿದರು. ನಾನೂ ಅದನ್ನು ಹಾಕಿ ಅನ್ನುತ್ತಿಲ್ಲ.

ಒಂದು ತಪ್ಪೊಪ್ಪಿಗೆ ಇದೆ. 2022ರ ಜನವರಿಯ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಇದೇ ಎಲ್‌2ಟಿಪಿ ಊರೂರಲ್ಲಿ ಕೈಕೊಟ್ಟಿತ್ತು. ನಾನು ಅಪ್‌ಡೇಟ್ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬರ ಫೈರ್‌ವಾಲ್ ಪೂರ್ತಿ ರಿಸೆಟ್ ಮಾಡಿ, ರಾತ್ರಿ ಎರಡರವರೆಗೆ ಕೂತು, "ಇದು ಹೋಗಿದೆ, ಹೊಸದು ತಗೊಳ್ಳಿ" ಅಂದಿದ್ದೆ. 17ನೇ ತಾರೀಕು ರಿಪೇರಿ ಅಪ್‌ಡೇಟ್ ಬಂತು, ಎಲ್ಲಾ ಸರಿಹೋಯಿತು. ಬಿಲ್ ಮಾತ್ರ ನಾನು ಅಷ್ಟರಲ್ಲಿ ಕೊಟ್ಟಾಗಿತ್ತು. ಅವರು ಇದನ್ನು ಓದುತ್ತಿದ್ದರೆ, ಕುಂದಾ ತಂದುಕೊಡುತ್ತೇನೆ.

ಇಷ್ಟಾದರೂ ಕಂಪ್ಯೂಟರ್ ರಿಪೇರಿ ಹುಡುಗರು ಆಪ್ ಯಾಕೆ ಹಾಕುತ್ತಾರೆ ಅಂತ ಇವತ್ತು ಗೊತ್ತಾಯಿತು. ರಿಟರ್ನ್ ಹೋದ ಮೇಲೆ ಅಕೌಂಟೆಂಟ್ ಗಡಿಯಾರದ ಪಕ್ಕ ಹುಡುಕಿ ಕೇಳಿದರು:

"ಸರ, ಇದರ ಐಕಾನ್ ಎಲ್ಲೈತ್ರೀ?"

"ಬೇರೆ ಐಕಾನ್ ಇಲ್ಲ. ನಾನು ಹೊಸದೇನೂ ಹಾಕಿಲ್ಲ."

"ಏನೂ ಹಾಕಿಲ್ಲ ಅಂದ್ರ ರೊಕ್ಕ ಯಾತರದ್ರೀ?"

ನಗುತ್ತಲೇ ಕೇಳಿದರು. ಫೋನ್‌ಪೇ ಮಾತ್ರ ಇನ್ನೂ ಬಂದಿಲ್ಲ.